ಮೊಬೈಲ್ ಡೇಟಾದಲ್ಲಿ ಇಂಟರ್ನೆಟ್ ಕರೆ ಹೋಗ್ತಿಲ್ವಾ? ತಡೆ ಎಲ್ಲಿದೆ ಎಂದು ಪತ್ತೆ ಮಾಡುವ ಬಗೆ

ವೈಫೈನಲ್ಲಿ ಕರೆ ಚೆನ್ನಾಗಿ ಹೋಗುತ್ತದೆ. ವೈಫೈ ಆಫ್ ಮಾಡಿ ಸಿಮ್‌ನ ಡೇಟಾಗೆ ಬಂದರೆ ಅದೇ ಆ್ಯಪ್ ‘ಕನೆಕ್ಟಿಂಗ್’ ಎಂದು ತೋರಿಸುತ್ತಾ ನಿಂತುಬಿಡುತ್ತದೆ. ವಿಡಿಯೊ ಓಡುತ್ತದೆ, ಬ್ರೌಸರ್ ತೆರೆಯುತ್ತದೆ, ಸಂದೇಶವೂ ಹೋಗುತ್ತದೆ. ಕರೆ ಮಾತ್ರ ಇಲ್ಲ. ಇದನ್ನು ಕಂಡ ಕೂಡಲೇ ‘ಸಿಮ್ ಕಂಪನಿಯವರು ಬ್ಲಾಕ್ ಮಾಡಿದ್ದಾರೆ’ ಎಂಬ ಮಾತು ಬಾಯಿಗೆ ಬಂದುಬಿಡುತ್ತದೆ. ಎಷ್ಟೋ ಸಲ ಅದು ನಿಜವೇ. ಇನ್ನೆಷ್ಟೋ ಸಲ ತಪ್ಪು ಫೋನಿನ ಸೆಟ್ಟಿಂಗ್‌ನಲ್ಲೋ, ಕರೆ ಸೇವೆಯ ಸರ್ವರ್‌ನಲ್ಲೋ, ನಡುವಿನ ವಿಳಾಸ ಬದಲಿಸುವ ಪೆಟ್ಟಿಗೆಯಲ್ಲೋ ಇರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ತೊಂದರೆ ಇರುವುದು ಇಲ್ಲೇ.

ಆಫೀಸಿನ ಇಂಟರ್ನೆಟ್ ಫೋನ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೊರಗೆ ಓಡಾಡುವ ಸಹೋದ್ಯೋಗಿಗಳ ಮೊಬೈಲ್‌ನಲ್ಲೂ ಅದೇ ಲೈನ್ ಇರುತ್ತದೆ. ಹಾಗಾಗಿ ಇಂಥ ದೂರು ನನಗೆ ಮತ್ತೆ ಮತ್ತೆ ಬರುತ್ತದೆ. ದೂರು ಬಂದಾಗ ನಾನು ಯಾವ ಕ್ರಮದಲ್ಲಿ ನೋಡುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ. ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ: ಒಂದು ಸಲಕ್ಕೆ ಒಂದೇ ಒಂದನ್ನು ಬದಲಿಸಿ, ಆಮೇಲೆ ಕರೆ ಮಾಡಿ ನೋಡಿ. ಸಿಮ್, ಆ್ಯಪ್, ಸೆಟ್ಟಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಕರೆ ಸರಿಹೋಗಬಹುದು. ಆದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ನಾಳೆ ಅದೇ ತೊಂದರೆ ಮತ್ತೆ ಬಂದಾಗ ಮೊದಲಿನಿಂದ ಹುಡುಕಬೇಕು.

ಮೊದಲು ಮೂರು ಕರೆ

ಅದೇ ಫೋನ್, ಅದೇ ಖಾತೆ, ಅದೇ ವ್ಯಕ್ತಿಗೆ ಕರೆ. ಮೊದಲನೆಯದು ವೈಫೈನಲ್ಲಿ. ಎರಡನೆಯದು ತೊಂದರೆ ಕೊಡುವ ಸಿಮ್‌ನ ಡೇಟಾದಲ್ಲಿ. ಮೂರನೆಯದು ಬೇರೆ ಕಂಪನಿಯ ಸಿಮ್‌ನ ಡೇಟಾದಲ್ಲಿ. ಮೂರನ್ನೂ ಹತ್ತು ನಿಮಿಷದೊಳಗೆ ಮುಗಿಸಿ, ಪ್ರತಿಯೊಂದರ ಸಮಯ ಬರೆದಿಟ್ಟುಕೊಳ್ಳಿ. ಆ ಕಡೆಯವರು ಮೂರು ಕರೆಗೂ ಒಂದೇ ನೆಟ್‌ವರ್ಕ್‌ನಲ್ಲಿ ಇರಬೇಕು. ಅವರೂ ಆಚೀಚೆ ಓಡಾಡುತ್ತಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ನಿಮ್ಮ ಸೇವೆಯಲ್ಲಿ ಎಕೋ ಟೆಸ್ಟ್ ನಂಬರ್ ಇದ್ದರೆ ಅದೇ ಒಳ್ಳೆಯದು. ನೀವು ಆಡಿದ ಮಾತು ನಿಮಗೇ ವಾಪಸ್ ಕೇಳುತ್ತದೆ, ಇನ್ನೊಬ್ಬರನ್ನು ಕಾಯಿಸಬೇಕಿಲ್ಲ.

ವೈಫೈ ಎಂದರೆ ಬ್ರಾಡ್‌ಬ್ಯಾಂಡ್ ಲೈನ್ ಮೇಲೆ ಬರುವ ವೈಫೈ. ಪಕ್ಕದವರ ಫೋನಿನ ಹಾಟ್‌ಸ್ಪಾಟ್ ಅದೇ ಕಂಪನಿಯದಾಗಿದ್ದರೆ ನೀವು ಅದೇ ನೆಟ್‌ವರ್ಕ್ ಅನ್ನು ಎರಡು ಸಲ ನೋಡಿದಂತಾಯಿತು, ಅಷ್ಟೇ.

ಮೂರರಲ್ಲೂ ಕರೆ ಹೋಗದಿದ್ದರೆ ಸಿಮ್ ಕಂಪನಿಯನ್ನು ಬಿಟ್ಟುಬಿಡಿ. ಖಾತೆ, ಪಾಸ್‌ವರ್ಡ್, ಆ್ಯಪ್ ನೋಡಿ. ವೈಫೈನಲ್ಲಿ ಹೋಗಿ, ಎರಡೂ ಸಿಮ್‌ನಲ್ಲಿ ಹೋಗದಿದ್ದರೆ ಮೊದಲ ಅನುಮಾನ ಫೋನಿನ ಮೇಲೆ. ಐಫೋನ್‌ನಲ್ಲಿ ಮೊಬೈಲ್ ಡೇಟಾ ಪಟ್ಟಿಯಲ್ಲಿ ಪ್ರತಿ ಆ್ಯಪ್‌ಗೂ ಒಂದು ಸ್ವಿಚ್ ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಡೇಟಾ ಸೇವರ್ ಮತ್ತು ಬ್ಯಾಕ್‌ಗ್ರೌಂಡ್ ಡೇಟಾ ನೋಡಿ. ಕರೆ ಆ್ಯಪ್‌ನ ಒಳಗೇ ‘ವೈಫೈನಲ್ಲಿ ಮಾತ್ರ’ ಎಂಬ ಆಯ್ಕೆ ಇರುವುದೂ ಉಂಟು. ಒಂದೇ ಸಿಮ್‌ನಲ್ಲಿ ಮಾತ್ರ ತೊಂದರೆ ಇದ್ದರೆ ಮುಂದೆ ಓದಿ.

ಅದಕ್ಕೂ ಮುಂಚೆ ಪ್ಲಾನ್ ನೋಡಿ. ದಿನದ ಡೇಟಾ ಮುಗಿದ ಮೇಲೆ ವೇಗವನ್ನು 64 ಕೆಬಿಪಿಎಸ್‌ಗೆ ಇಳಿಸುವ ಪ್ಲಾನ್‌ಗಳಿವೆ. ಆ ವೇಗದಲ್ಲಿ ಸಂದೇಶ ಹೋಗುತ್ತದೆ. ಜಿ.711 ಎಂಬ ಕೋಡೆಕ್ (ದನಿಯನ್ನು ಡೇಟಾ ಆಗಿ ಬದಲಿಸುವ ಪದ್ಧತಿ) ಬಳಸುವ ಕರೆಗೆ ದನಿಯೊಂದಕ್ಕೇ 64 ಕೆಬಿಪಿಎಸ್ ಬೇಕು. ಪ್ಯಾಕೆಟ್‌ಗಳ, ಅಂದರೆ ಡೇಟಾದ ಸಣ್ಣ ತುಂಡುಗಳ, ತಲೆಬರಹ ಸೇರಿದರೆ ಒಂದೊಂದು ಕಡೆಗೂ ಸುಮಾರು 80 ಆಗುತ್ತದೆ. ಇದನ್ನು ಬ್ಲಾಕ್ ಎಂದುಕೊಂಡು ಎರಡು ದಿನ ಒದ್ದಾಡಿದವರನ್ನು ನೋಡಿದ್ದೇನೆ. ಇನ್ನು ಕೆಲವು ಪ್ಲಾನ್‌ಗಳ ಷರತ್ತಿನಲ್ಲೇ ‘ಇಂಟರ್ನೆಟ್ ಕರೆ ಇದರಲ್ಲಿ ಸೇರಿಲ್ಲ’ ಎಂದು ಬರೆದಿರುತ್ತದೆ. ಹಾಗಿದ್ದರೆ ಹುಡುಕಾಟವೇ ಬೇಡ, ಉತ್ತರ ಕೈಯಲ್ಲೇ ಇದೆ.

ಕರೆ ಎಲ್ಲಿ ನಿಂತಿತು?

‘ಕರೆ ಹೋಗ್ತಿಲ್ಲ’ ಎಂಬ ಒಂದೇ ಮಾತಿನೊಳಗೆ ನಾಲ್ಕೈದು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಇಂಟರ್ನೆಟ್ ಕರೆಯಲ್ಲಿ ಎರಡು ಹರಿವು ಇರುತ್ತವೆ. ‘ನಾನು ಇಲ್ಲಿದ್ದೇನೆ’, ‘ಇವರಿಗೆ ಕರೆ’, ‘ಎತ್ತಿದರು’, ‘ಇಟ್ಟರು’ ಎಂದು ಹೇಳುವ ಸೂಚನೆಗಳು ಒಂದು ದಾರಿಯಲ್ಲಿ. ದನಿ ಇನ್ನೊಂದು ದಾರಿಯಲ್ಲಿ. ಆಫೀಸ್ ಫೋನ್ ವ್ಯವಸ್ಥೆಗಳಲ್ಲಿ ಸೂಚನೆಗೆ ಸಿಪ್ ಎಂಬ ಪದ್ಧತಿ ಬಳಸುತ್ತಾರೆ; ಸಾಮಾನ್ಯವಾಗಿ ಅದು ಹೋಗುವುದು ಸರ್ವರ್‌ನ 5060ನೇ ಪೋರ್ಟ್‌ಗೆ, ಅಂದರೆ ಆ ಸಂಖ್ಯೆಯ ಬಾಗಿಲಿಗೆ; ಗೂಢಲಿಪಿ ಮಾಡಿದ್ದರೆ 5061ಕ್ಕೆ. ದನಿ ಆರ್‌ಟಿಪಿ ಎಂಬ ಪ್ಯಾಕೆಟ್‌ಗಳಾಗಿ ಯುಡಿಪಿ (ತಲುಪಿತೇ ಎಂದು ಕಾಯದೆ ಕಳಿಸುವ ವಿಧಾನ) ಮೇಲೆ, ದೊಡ್ಡ ಸಂಖ್ಯೆಯ ಯಾವುದೋ ಪೋರ್ಟ್‌ಗಳಲ್ಲಿ ಹೋಗುತ್ತದೆ. ಆಸ್ಟರಿಸ್ಕ್ ಎಂಬ ಕರೆ ಸರ್ವರ್ ಜೊತೆ ಬರುವ ಮಾದರಿ ಸೆಟ್ಟಿಂಗ್‌ನಲ್ಲಿ ಅದು 10000ದಿಂದ 20000. ಒಂದು ದಾರಿ ತೆರೆದಿದ್ದು ಇನ್ನೊಂದು ಮುಚ್ಚಿರಬಹುದು. ಹಾಗಾಗಿ ಮೊದಲು ಕೇಳಬೇಕಾದ್ದು ಇಷ್ಟು: ಖಾತೆ ನೋಂದಣಿಯೇ ಆಗುತ್ತಿಲ್ಲವೋ, ರಿಂಗ್ ಆಗುತ್ತಿಲ್ಲವೋ, ಎತ್ತಿದ ಮೇಲೆ ದನಿ ಇಲ್ಲವೋ, ಅಥವಾ ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಕಟ್ ಆಗುತ್ತದೋ?

ನೋಂದಣಿಯೇ ಆಗದಿದ್ದರೆ

ಒಂದು ಪ್ರಸಂಗ ಹೇಳುತ್ತೇನೆ. ಸಹೋದ್ಯೋಗಿಯೊಬ್ಬರು ಸಿಮ್ ಬದಲಿಸಿದ ದಿನದಿಂದ ಅವರ ಮೊಬೈಲ್‌ನ ಆಫೀಸ್ ಲೈನ್ ಸತ್ತುಹೋಗಿತ್ತು. ಆ್ಯಪ್‌ನ ಸಿಪ್ ಲಾಗ್ ತೆರೆದು ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು ಕೂತೆ. ‘ರಿಜಿಸ್ಟರ್’ ಎಂಬ ಕೋರಿಕೆ ಹೊರಟಿತು. ಅರ್ಧ ಸೆಕೆಂಡಿಗೆ ಮತ್ತೆ ಅದೇ. ಆಮೇಲೆ ಒಂದು ಸೆಕೆಂಡ್ ಬಿಟ್ಟು, ಎರಡು ಸೆಕೆಂಡ್ ಬಿಟ್ಟು, ನಾಲ್ಕು ಸೆಕೆಂಡ್ ಬಿಟ್ಟು. ಅಲ್ಲಿಂದ ಮುಂದೆ ನಾಲ್ಕು ನಾಲ್ಕು ಸೆಕೆಂಡಿಗೊಂದು. ಒಟ್ಟು 11 ಸಲ ಹೋಯಿತು. 32ನೇ ಸೆಕೆಂಡಿಗೆ ಆ್ಯಪ್ ತಾನೇ ಕೈಚೆಲ್ಲಿ 408, ಅಂದರೆ ‘ಸಮಯ ಮೀರಿತು’ ಎಂದು ಬರೆದುಕೊಂಡಿತು. ಈ ಲೆಕ್ಕ ಆ ಆ್ಯಪ್ ಮಾಡಿಕೊಂಡಿದ್ದಲ್ಲ, 2002ರ ಸಿಪ್ ಮಾನದಂಡದಲ್ಲೇ ಹೀಗಿದೆ. ಯುಡಿಪಿಯಲ್ಲಿ ಉತ್ತರವೇ ಬರದಿದ್ದಾಗ ಯಾವ ಒಳ್ಳೆಯ ಆ್ಯಪ್ ಆದರೂ ಹೀಗೇ ನಡೆದುಕೊಳ್ಳುತ್ತದೆ.

ಅದೇ ಹೊತ್ತಿಗೆ ಸರ್ವರ್‌ನಲ್ಲಿ ಎಸ್‌ಎನ್‌ಗ್ರೆಪ್ ಓಡಿಸಿಟ್ಟಿದ್ದೆ. ಬರುವ ಸಿಪ್ ಸಂದೇಶಗಳನ್ನು ಒಂದೊಂದಾಗಿ ತೋರಿಸುವ ಸಲಕರಣೆ ಅದು. ಆ 11ರಲ್ಲಿ ಒಂದೂ ಸರ್ವರ್ ಮುಟ್ಟಿರಲಿಲ್ಲ. ಸರ್ವರ್ ಇನ್ನೊಂದು ಪೋರ್ಟ್‌ನಲ್ಲೂ ಕೇಳಿಸಿಕೊಳ್ಳುವಂತೆ ಮಾಡಿ, ಆ್ಯಪ್‌ನಲ್ಲಿ 5060 ಇದ್ದ ಕಡೆ 5080 ಹಾಕಿದೆ. ಬೇರೇನನ್ನೂ ಮುಟ್ಟಲಿಲ್ಲ. ತಕ್ಷಣ 401 ಬಂತು, ಅಂದರೆ ‘ಪಾಸ್‌ವರ್ಡ್ ಕೊಡು’. ಮರುಕ್ಷಣ 200, ನೋಂದಣಿ ಆಯಿತು. ಅದೇ ಫೋನ್, ಅದೇ ಸಿಮ್, ಅದೇ ಸರ್ವರ್. ಬದಲಾದದ್ದು ಒಂದು ಅಂಕಿ. ಇಷ್ಟು ಸಿಕ್ಕ ಮೇಲೆ ನಡುದಾರಿಯಲ್ಲಿ 5060 ಮುಚ್ಚಿದೆ ಎಂದು ಧೈರ್ಯವಾಗಿ ಹೇಳಬಹುದು.

ಈ ಪರೀಕ್ಷೆಯನ್ನು ಹಂತ ಹಂತವಾಗಿ ಬೆಳೆಸಿ. ಪೋರ್ಟ್ ಬದಲಿಸಿದರೆ ಸಾಕಾಯಿತು ಎಂದರೆ ಅದು ಬರೀ ಪೋರ್ಟ್ ತಡೆ. ಯಾವ ಪೋರ್ಟ್ ಹಾಕಿದರೂ ಗೂಢಲಿಪಿ ಇಲ್ಲದ ಬಿಚ್ಚು ಸಿಪ್ ಹೋಗುತ್ತಿಲ್ಲ, ಟಿಎಲ್‌ಎಸ್ ಎಂಬ ಗೂಢಲಿಪಿ ಹಾಕಿದ ಕೂಡಲೇ ಹೋಗುತ್ತದೆ ಎಂದರೆ ಪ್ಯಾಕೆಟ್‌ನ ಒಳಗೆ ಇಣುಕಿ ನೋಡಿ ತಡೆಯುತ್ತಿದ್ದಾರೆ. 5061ರಲ್ಲಿ ಟಿಎಲ್‌ಎಸ್ ಸಾಯುತ್ತದೆ, ವೆಬ್‌ಸೈಟ್‌ಗಳು ಬಳಸುವ 443ರಲ್ಲಿ ಬದುಕುತ್ತದೆ ಎಂದರೆ ಮತ್ತೆ ಪೋರ್ಟ್ ತಡೆಯೇ. ನಿಮ್ಮ ಸೇವೆಯ ಸರ್ವರ್‌ಗೆ 443 ಕೂಡ ಹೋಗುತ್ತಿಲ್ಲ, ಬೇರೆ ಸರ್ವರ್‌ಗಳಿಗೆ ಹೋಗುತ್ತಿದೆ ಎಂದರೆ ಆ ಸರ್ವರ್‌ನ ವಿಳಾಸವನ್ನೋ ಹೆಸರನ್ನೋ ಗುರುತಿಟ್ಟು ತಡೆದಿದ್ದಾರೆ. ಲಿನ್‌ಫೋನ್‌ನಂಥ ಆ್ಯಪ್‌ನಲ್ಲಿ ಯುಡಿಪಿ, ಟಿಸಿಪಿ (ಮೊದಲು ಸಂಪರ್ಕ ಕಟ್ಟಿಕೊಂಡು ಕಳಿಸುವ ವಿಧಾನ), ಟಿಎಲ್‌ಎಸ್ ಮೂರನ್ನೂ ಒಂದು ಆಯ್ಕೆಯಲ್ಲಿ ಬದಲಿಸಬಹುದು. ಹಾಗಾಗಿ ಈ ಪರೀಕ್ಷೆಗೆ ನಾನು ಅದನ್ನೇ ಬಳಸುತ್ತೇನೆ.

ಟಿಸಿಪಿಯಲ್ಲಿ ಪರೀಕ್ಷಿಸುವಾಗ ಎರಡು ಉತ್ತರಗಳ ವ್ಯತ್ಯಾಸ ಗಮನಿಸಿ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ತಕ್ಷಣ ಬಂದರೆ ಯಾರೋ ಬಾಗಿಲಲ್ಲಿ ನಿಂತು ಬೇಡ ಎಂದಿದ್ದಾರೆ. ಹೆಚ್ಚಾಗಿ ಸರ್ವರ್ ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುತ್ತಲೇ ಇಲ್ಲ. ತುಂಬಾ ಹೊತ್ತು ಸುಮ್ನಿದ್ದು ‘ಟೈಮ್‌ಔಟ್’ ಬಂದರೆ ಪ್ಯಾಕೆಟ್ ಅನ್ನು ನಡುವೆಯೋ ಸರ್ವರ್‌ನ ಕಾವಲಿನಲ್ಲೋ ಸದ್ದಿಲ್ಲದೆ ಬಿಸಾಕುತ್ತಿದ್ದಾರೆ. ಯುಡಿಪಿಯಲ್ಲಿ ಈ ಸುಳಿವು ಸಿಗುವುದಿಲ್ಲ. ನೆಟ್‌ಕ್ಯಾಟ್ ಎಂಬ ಸಲಕರಣೆಯಿಂದ ಏನೋ ನಾಲ್ಕು ಅಕ್ಷರ ಕಳಿಸಿ ಉತ್ತರ ಬರಲಿಲ್ಲ ಎಂದರೆ ಅದು ತಡೆಗೆ ಸಾಕ್ಷಿಯಲ್ಲ, ಅರ್ಥವಾಗದ ಪ್ಯಾಕೆಟ್‌ಗೆ ಸರ್ವರ್ ಉತ್ತರ ಕೊಡಬೇಕಿಲ್ಲ. ನಿಜವಾದ ನೋಂದಣಿಯನ್ನೇ ಮಾಡಿ ನೋಡಬೇಕು.

403 ಬಂತು, 488 ಬಂತು ಎಂದು ಗಾಬರಿಯಾಗಬೇಡಿ. ಅಂಕಿ ಯಾವುದೇ ಇರಲಿ, ಆ ಕಡೆಯಿಂದ ಉತ್ತರ ಬಂದಿದೆ ಎಂದರೆ ದಾರಿ ತೆರೆದಿದೆ. 403 ಎಂದರೆ ಅನುಮತಿಯ ತೊಂದರೆ, 488 ಬಂದರೆ ಎರಡೂ ಕಡೆಯ ಕೋಡೆಕ್ ಹೊಂದುತ್ತಿಲ್ಲವೇ ನೋಡಿ. ಇದು ನಿಮ್ಮ ಸೇವೆಯವರ ಹತ್ತಿರ ಕೇಳುವ ವಿಷಯ, ಸಿಮ್ ಕಂಪನಿಯ ಹತ್ತಿರ ಅಲ್ಲ.

ಇಲ್ಲಿ ಒಂದು ದೊಡ್ಡ ಹೊಂಡ ಇದೆ. ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಸಾವಿರಾರು ಜನ ಒಂದೇ ಸಾರ್ವಜನಿಕ ಐಪಿ ವಿಳಾಸದ ಹಿಂದೆ ಇರುತ್ತಾರೆ. ಪಾಸ್‌ವರ್ಡ್ ತಪ್ಪು ಹಾಕಿದ ವಿಳಾಸಗಳನ್ನು ಕೆಲ ಹೊತ್ತು ಹೊರಗಿಡುವ ಫೇಲ್‌ಟುಬ್ಯಾನ್‌ನಂಥ ಕಾವಲು ಬಹಳ ಸಿಪ್ ಸರ್ವರ್‌ಗಳಲ್ಲಿ ಇರುತ್ತದೆ. ನಿಮ್ಮಂತೆಯೇ ಆ ವಿಳಾಸ ಹಂಚಿಕೊಂಡಿರುವ ಇನ್ಯಾರೋ ತಪ್ಪು ಪಾಸ್‌ವರ್ಡ್ ಹಾಕುತ್ತಿದ್ದರೆ ಬಾಗಿಲು ನಿಮಗೂ ಮುಚ್ಚುತ್ತದೆ. ಲಕ್ಷಣ ಥೇಟ್ ಸಿಮ್ ಕಂಪನಿಯ ತಡೆಯಂತೆ: ಕೋರಿಕೆ ಹೋಗುತ್ತದೆ, ಉತ್ತರ ಇಲ್ಲ, ಬೇರೆ ಸಿಮ್‌ನಲ್ಲಿ ಸರಿ. ಹೀಗೆ ಒಂದು ಸಲ ಒಂದು ಕಂಪನಿಯ ಮೇಲೆ ದೂರು ಬರೆದು ಮುಗಿಸಿ, ಕಳಿಸುವ ಮುಂಚೆ ನಮ್ಮ ಸರ್ವರ್‌ನ ನಿಷೇಧ ಪಟ್ಟಿ ನೋಡಿದಾಗ ಆ ವಿಳಾಸ ಅಲ್ಲೇ ಇತ್ತು. ಅಂದಿನಿಂದ ಈ ಪಟ್ಟಿ ನೋಡದೆ ದೂರು ಬರೆಯುವುದಿಲ್ಲ. ಸರ್ವರ್ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಸೇವೆಯವರಿಗೆ ನಿಮ್ಮ ಸಾರ್ವಜನಿಕ ಐಪಿ ಕೊಟ್ಟು ‘ಇದು ನಿಮ್ಮಲ್ಲಿ ಬ್ಯಾನ್ ಆಗಿದೆಯಾ’ ಎಂದು ಕೇಳಿ. ಅಥವಾ ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ. ಹೊಸ ವಿಳಾಸ ಸಿಕ್ಕಿ ಕರೆ ಹೋದರೆ ತಪ್ಪು ಸರ್ವರ್ ಕಡೆ ಇರುವ ಸಾಧ್ಯತೆಯೇ ಜಾಸ್ತಿ.

ರಿಂಗ್ ಆಗುತ್ತದೆ, ಎತ್ತುತ್ತಾರೆ, ದನಿ ಇಲ್ಲ

ಎರಡೂ ಕಡೆ ಮೌನವೋ, ಒಂದೇ ಕಡೆ ಮೌನವೋ? ಇದು ಬಹಳ ಮುಖ್ಯ. ಒಂದೇ ಕಡೆ ದನಿ ಬರುತ್ತಿದ್ದರೆ ಅದು ಬೇಕೆಂದು ಮಾಡಿದ ತಡೆ ಆಗಿರುವುದು ಅಪರೂಪ. ಹೆಚ್ಚಾಗಿ ಅದು ನ್ಯಾಟ್, ಅಂದರೆ ಒಳಗಿನ ವಿಳಾಸವನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ವ್ಯವಸ್ಥೆಯ ಕೆಲಸ. ನಿಮ್ಮ ಫೋನ್ ‘ದನಿಯನ್ನು ಈ ವಿಳಾಸಕ್ಕೆ ಕಳಿಸಿ’ ಎಂದು ಸಿಪ್ ಸಂದೇಶದ ಒಳಗೆ ಬರೆದು ಕಳಿಸುತ್ತದೆ. ಮೊಬೈಲ್ ನೆಟ್‌ವರ್ಕ್ ಒಳಗಿನ ಆ ವಿಳಾಸ 10ರಿಂದಲೋ, ಅಥವಾ 100.64ರಿಂದ 100.127ರವರೆಗಿನ ಸಾಲಿನಿಂದಲೋ ಶುರುವಾಗುತ್ತದೆ. ಎರಡನೆಯ ಸಾಲನ್ನು 2012ರಲ್ಲಿ ಇಂಥ ದೊಡ್ಡ ನ್ಯಾಟ್‌ಗಳಿಗೆಂದೇ ಮೀಸಲಿಟ್ಟರು. ಹೊರಗಿನವರಿಗೆ ಆ ವಿಳಾಸಕ್ಕೆ ದಾರಿಯೇ ಇಲ್ಲ. ನಿಮ್ಮ ದನಿ ಅವರಿಗೆ ಹೋಗುತ್ತದೆ, ಅವರ ದನಿ ನಿಮಗೆ ಬರುವುದಿಲ್ಲ. ಆ್ಯಪ್‌ನಲ್ಲಿ ಸ್ಟನ್ (ತನ್ನ ಹೊರಗಿನ ವಿಳಾಸ ಕೇಳಿ ತಿಳಿಯುವ ವಿಧಾನ) ಮತ್ತು ಐಸ್ (ದನಿ ಹೋಗುವ ದಾರಿ ಹುಡುಕುವ ವಿಧಾನ) ಆನ್ ಮಾಡಿ, ಅಥವಾ ಸರ್ವರ್ ನ್ಯಾಟ್ ಹಿಂದಿನ ಫೋನ್‌ಗಳನ್ನು ಸರಿಯಾಗಿ ನಡೆಸಿಕೊಳ್ಳುವಂತೆ ಮಾಡಿ. ದಾರಿಯಲ್ಲಿರುವ ಸಿಪ್ ಎಎಲ್‌ಜಿ ಎಂಬ ಸೌಲಭ್ಯ ಸಹಾಯ ಮಾಡಲು ಹೋಗಿ ಸಂದೇಶವನ್ನು ಕೆಡಿಸುವುದೂ ಇದೆ. ಟಿಎಲ್‌ಎಸ್ ಹಾಕಿದ ಕೂಡಲೇ ದನಿ ಬಂದರೆ ಎಎಲ್‌ಜಿಯೇ ಕಾರಣ ಎಂದುಕೊಳ್ಳಿ. ಗೂಢಲಿಪಿಯಲ್ಲಿರುವುದನ್ನು ಅದು ತಿದ್ದಲಾರದು.

ಎರಡೂ ಕಡೆ ಮೌನ, ಬೇರೆ ಸಿಮ್‌ನಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ದನಿ ಇದೆ ಎಂದರೆ ಆಗ ತಡೆಯ ಅನುಮಾನ ಬಲವಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ಪಿಕ್ಯಾಪ್‌ಡ್ರಾಯ್ಡ್ ಎಂಬ ಆ್ಯಪ್ ಹಾಕಿ, ರೂಟ್ (ಫೋನಿನ ಪೂರ್ತಿ ಅಧಿಕಾರ) ಬೇಕಿಲ್ಲ. ಅದು ಫೋನಿನ ಒಳಗೇ ವಿಪಿಎನ್‌ನಂತೆ (ಎಲ್ಲ ಡೇಟಾವನ್ನೂ ತನ್ನ ಮೂಲಕ ಸಾಗಿಸುವ ಸುರಂಗದಂತೆ) ಕೂತು ಪ್ಯಾಕೆಟ್ ಹಿಡಿಯುತ್ತದೆ, ಹಾಗಾಗಿ ಅದು ಓಡುತ್ತಿರುವಾಗ ಬೇರೆ ವಿಪಿಎನ್ ಓಡುವುದಿಲ್ಲ. ಕರೆಯ ಹೊತ್ತಿನಲ್ಲಿ ಯುಡಿಪಿ ಸಾಲು ನೋಡಿ. ಸಾಮಾನ್ಯ ಕರೆಯಲ್ಲಿ 20 ಮಿಲಿಸೆಕೆಂಡಿಗೊಂದು, ಅಂದರೆ ಸೆಕೆಂಡಿಗೆ 50 ಪ್ಯಾಕೆಟ್ ಹೋಗಬೇಕು, 50 ಬರಬೇಕು. ಹೋಗಿದ್ದು ಸಾವಿರಾರು, ಬಂದಿದ್ದು ಸೊನ್ನೆ ಎಂದು ಕಂಡರೆ ಆ ಕಡೆಯಲ್ಲೂ ಅದೇ ಹೊತ್ತಿನ ಲೆಕ್ಕ ತೆಗೆಸಿ. ಆ ಕಡೆಯವರು ‘ನಾವು ಕಳಿಸಿದ್ದೇವೆ, ನಿಮ್ಮದೇನೂ ಬಂದಿಲ್ಲ’ ಎಂದರೆ ನಡುವೆ ಎರಡೂ ದಿಕ್ಕಿನಲ್ಲಿ ದನಿಯನ್ನು ಬಿಸಾಕುತ್ತಿದ್ದಾರೆ.

ಸರಿಯಾಗಿ 32ನೇ ಸೆಕೆಂಡಿಗೆ ಕಟ್ ಆಗುತ್ತದೆ ಎಂಬ ದೂರು ಬಂದರೆ ನನಗೆ ಒಂದು ಥರ ಸಮಾಧಾನ. ಅದು ತಡೆಯಲ್ಲ. ಫೋನ್ ಎತ್ತಿದಾಗ ಹೋಗುವ 200ಕ್ಕೆ ‘ತಲುಪಿತು’ ಎಂಬ ಮರುಸೂಚನೆ ಬರಬೇಕು. ಅದು ತಪ್ಪು ವಿಳಾಸಕ್ಕೆ ಹೋದರೆ ಸರ್ವರ್ 200 ಅನ್ನು ಮತ್ತೆ ಮತ್ತೆ ಕಳಿಸಿ 32 ಸೆಕೆಂಡಿಗೆ ಕರೆ ಮುಗಿಸುತ್ತದೆ. ಇದೂ ನ್ಯಾಟ್‌ನ ತೊಂದರೆಯೇ. ಸುಮಾರು 15 ನಿಮಿಷದ ಹೊತ್ತಿಗೆ ಕಟ್ ಆಗುತ್ತಿದ್ದರೆ ಕರೆ ಇನ್ನೂ ಜೀವಂತ ಇದೆಯೇ ಎಂದು ಪರೀಕ್ಷಿಸುವ ಸೆಷನ್ ಟೈಮರ್ ನೋಡಿ. ಸಾಮಾನ್ಯವಾಗಿ ಅದು 1800 ಸೆಕೆಂಡಿಗೆ ಇರುತ್ತದೆ, ಅರ್ಧ ಹೊತ್ತಿಗೆ ಒಂದು ಸಲ ನವೀಕರಿಸಬೇಕು, ಆ ಸಂದೇಶ ತಲುಪುತ್ತಿಲ್ಲ. ಪ್ರತಿ ಸಲ ಅಷ್ಟೇ ಹೊತ್ತಿಗೆ ಕರೆ ಕಟ್ ಆಗುತ್ತಿದ್ದರೆ ಗಡಿಯಾರ ಇಟ್ಟುಕೊಂಡಿರುವುದು ಯಾವುದೋ ಟೈಮರ್, ನಿಮ್ಮ ಸಿಮ್ ಕಂಪನಿ ಅಲ್ಲ.

ದನಿ ಇದೆ, ಆದರೆ ಕತ್ತರಿಸಿ ಕತ್ತರಿಸಿ ಬರುತ್ತದೆ

ಇದು ಎಲ್ಲಕ್ಕಿಂತ ಕಷ್ಟದ್ದು, ಯಾಕೆಂದರೆ ಟವರ್‌ನಲ್ಲಿ ಜನ ಜಾಸ್ತಿ ಆದರೂ ಹೀಗೇ ಆಗುತ್ತದೆ. ಸ್ಪೀಡ್ ಟೆಸ್ಟ್ ನೋಡಿ ತೀರ್ಮಾನಿಸಬೇಡಿ. ಅದು ಹತ್ತಿರದ ಸರ್ವರ್‌ಗೆ ರಾಶಿ ಡೇಟಾ ಸುರಿದು ನೋಡುವ ಪರೀಕ್ಷೆ. ಕರೆಗೆ ಬೇಕಿರುವುದು ವೇಗಕ್ಕಿಂತ ಸಮನಾದ ಲಯ. ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುವಿನ ಶಿಫಾರಸು ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನ ಒಳಗಿದ್ದರೆ ಮಾತುಕತೆಗೆ ತೊಂದರೆ ಇಲ್ಲ ಎನ್ನುತ್ತದೆ.

ಬೇಕೆಂದು ನಿಧಾನ ಮಾಡಿದ್ದಾರಾ ಎಂದು ತಿಳಿಯಲು ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು ಮಾಡಿದ ವೀಹೀ ಎಂಬ ಆ್ಯಪ್ ಇದೆ. ಅದರ ಉಪಾಯ ನನಗೆ ತುಂಬಾ ಇಷ್ಟ. ಒಂದು ಆ್ಯಪ್‌ನ ಡೇಟಾ ದಟ್ಟಣೆಯನ್ನು ಮೊದಲೇ ಹಿಡಿದಿಟ್ಟು ನಿಮ್ಮ ಫೋನ್‌ನಿಂದ ಹಾಗೆಯೇ ಆಡಿಸುತ್ತದೆ. ಆಮೇಲೆ ಅದೇ ಗಾತ್ರ, ಅದೇ ಲಯದಲ್ಲಿ, ಒಳಗಿನ ಬೈಟ್‌ಗಳನ್ನು ಮಾತ್ರ ಗುರುತು ಸಿಗದಂತೆ ಬದಲಿಸಿ ಮತ್ತೆ ಆಡಿಸುತ್ತದೆ. ಎರಡನೆಯದು ಚೆನ್ನಾಗಿ ಓಡಿ ಮೊದಲನೆಯದು ಕುಂಟಿದರೆ ನೆಟ್‌ವರ್ಕ್ ಆ ಆ್ಯಪ್ ಅನ್ನು ಗುರುತು ಹಿಡಿದು ಬೇರೆಯಾಗಿ ನೋಡುತ್ತಿದೆ ಎಂದರ್ಥ. ದಿನದ ಬೇರೆ ಬೇರೆ ಹೊತ್ತಿನಲ್ಲಿ ಮೂರ್ನಾಲ್ಕು ಸಲ ಓಡಿಸಿ. ಸಂಜೆ ಮಾತ್ರ ಕುಂಟಿದರೆ ಟವರ್‌ನ ಜನಸಂದಣಿ ಇರಬಹುದು.

ವಾಟ್ಸಾಪ್ ಥರದ ಆ್ಯಪ್‌ಗಳು

ಇವುಗಳಲ್ಲಿ ಲಾಗ್ ಸಿಗುವುದಿಲ್ಲ, ಪೋರ್ಟ್ ಬದಲಿಸಲೂ ಆಗುವುದಿಲ್ಲ. ನೋಡಬೇಕಾದ್ದು ಒಂದೇ ಲಕ್ಷಣ: ಸಂದೇಶ, ಚಿತ್ರ, ಧ್ವನಿ ಸಂದೇಶ ಎಲ್ಲ ಹೋಗುತ್ತವೆ, ನೇರ ಕರೆ ಮಾತ್ರ ‘ಕನೆಕ್ಟಿಂಗ್’ನಲ್ಲಿ ನಿಲ್ಲುತ್ತದೆ. ಧ್ವನಿ ಸಂದೇಶ ಹೋಗುವುದು ಫೈಲ್‌ನಂತೆ, ಟಿಸಿಪಿಯಲ್ಲಿ. ಕರೆ ಯುಡಿಪಿ ಮೇಲೆ, ಮೊದಲು ಸ್ಟನ್ ಮಾತುಕತೆ ನಡೆಸಿಕೊಂಡು ಹೋಗುತ್ತದೆ. ಸ್ಟನ್‌ನ ಮಾಮೂಲಿ ಪೋರ್ಟ್ 3478. ಪಿಕ್ಯಾಪ್‌ಡ್ರಾಯ್ಡ್‌ನಲ್ಲಿ 3478ಕ್ಕೆ ಹೋದದ್ದು ಕಾಣುತ್ತಿದೆ, ವಾಪಸ್ ಏನೂ ಬಂದಿಲ್ಲ ಎಂದರೆ ಸುಳಿವು ಸಿಕ್ಕಿತು. ಬ್ರೌಸರ್‌ನಲ್ಲಿ ವೆಬ್‌ಆರ್‌ಟಿಸಿಯ (ಬ್ರೌಸರ್‌ನಿಂದಲೇ ಕರೆ ಮಾಡುವ ತಂತ್ರದ) ಟ್ರಿಕಲ್ ಐಸ್ ಎಂಬ ಪರೀಕ್ಷೆ ಓಡಿಸಿದರೂ ಇದೇ ಗೊತ್ತಾಗುತ್ತದೆ. ಫೋನಿನ ಸ್ವಂತ ವಿಳಾಸ ಮಾತ್ರ ಬಂದು, ಸ್ಟನ್‌ನಿಂದ ಸಿಗಬೇಕಾದ ಹೊರಗಿನ ವಿಳಾಸ ಬರದಿದ್ದರೆ ಯುಡಿಪಿ ದಾರಿ ಕಟ್ಟಿದೆ.

ಊನಿ ಪ್ರೋಬ್ ಎಂಬ ಒಳ್ಳೆಯ ತಡೆ ಪರೀಕ್ಷಕ ಆ್ಯಪ್‌ನಲ್ಲಿ ವಾಟ್ಸಾಪ್ ಪರೀಕ್ಷೆ ಇದೆ. ಆದರೆ ಅದು ಸರ್ವರ್‌ಗೆ ಸಂಪರ್ಕ ಸಿಗುತ್ತದಾ, ನೋಂದಣಿ ಮತ್ತು ವೆಬ್ ತೆರೆಯುತ್ತವಾ ಎಂದು ನೋಡುತ್ತದೆ. ಕರೆಯನ್ನು ಪರೀಕ್ಷಿಸುವುದಿಲ್ಲ. ಅಲ್ಲಿ ಹಸಿರು ಕಂಡಿತು ಎಂದು ಕರೆಗೆ ತಡೆ ಇಲ್ಲ ಎಂದುಕೊಳ್ಳಬೇಡಿ.

ಹೊರಹೋಗುವ ಕರೆ ಸರಿ, ಒಳಬರುವುದು ರಿಂಗ್ ಆಗುವುದಿಲ್ಲ ಎಂದರೆ ಬ್ಯಾಟರಿ ಉಳಿತಾಯ ನೋಡಿ. ಆಂಡ್ರಾಯ್ಡ್ ಮಲಗಿಸಿದ ಆ್ಯಪ್‌ಗೆ ಕರೆ ಬಂದದ್ದೇ ತಿಳಿಯುವುದಿಲ್ಲ.

ವಿಪಿಎನ್ ಹಾಕಿದರೆ ಸರಿಹೋಗುತ್ತದೆ, ಹಾಗಾದರೆ?

ಅದೇ ಸಿಮ್ ಡೇಟಾ, ವಿಪಿಎನ್ ಆನ್, ಕರೆ ಹೋಯಿತು. ಇದನ್ನು ಕೊನೆಯ ಸಾಕ್ಷಿ ಎಂದು ಬಹಳ ಜನ ಹಿಡಿದುಕೊಳ್ಳುತ್ತಾರೆ. ಇದು ಹೇಳುವುದು ಇಷ್ಟೇ: ಫೋನ್ ಸರಿ ಇದೆ, ಸರ್ವರ್ ಸರಿ ಇದೆ, ಸಿಗ್ನಲ್ ಸಾಕಷ್ಟಿದೆ, ತೊಂದರೆ ನಡುದಾರಿಯಲ್ಲಿ ಇದೆ. ಆ ತೊಂದರೆ ತಡೆಯೇ ಆಗಬೇಕೆಂದಿಲ್ಲ. ವಿಪಿಎನ್ ಎಎಲ್‌ಜಿಯನ್ನೂ ದಾಟುತ್ತದೆ, ಸರ್ವರ್‌ನ ಐಪಿ ನಿಷೇಧವನ್ನೂ ದಾಟುತ್ತದೆ. ಹೊಸ ಬಗೆಯ ವಿಳಾಸವಾದ ಐಪಿವಿ6 ಮಾತ್ರ ಕೊಡುವ ಮೊಬೈಲ್ ನೆಟ್‌ವರ್ಕ್‌ನಲ್ಲಿ ಹಳೆಯ ಬಗೆಯ ಐಪಿವಿ4 ಅಂಕಿಯನ್ನೇ ಸರ್ವರ್ ವಿಳಾಸವಾಗಿ ಬರೆದ ಆ್ಯಪ್ ಸೋಲುವುದನ್ನೂ ಮರೆಸಿಬಿಡುತ್ತದೆ. ಕೊನೆಯದಕ್ಕೆ ಮದ್ದು ಸುಲಭ: ಅಂಕಿಯ ಬದಲು ಹೆಸರು ಬರೆಯಿರಿ. ಎಪಿಎನ್ (ಸಿಮ್ ಡೇಟಾ ಇಂಟರ್ನೆಟ್‌ಗೆ ಸೇರುವ ದಾರಿ) ಸೆಟ್ಟಿಂಗ್‌ನಲ್ಲಿ ಐಪಿವಿ4 ಮತ್ತು ಐಪಿವಿ6 ಎರಡನ್ನೂ ಆರಿಸಿ ಒಂದು ಸಲ ನೋಡಿ. ಇವೆಲ್ಲ ಕಳೆದ ಮೇಲೂ ವಿಪಿಎನ್ ಇದ್ದಾಗ ಮಾತ್ರ ಕರೆ ಹೋಗುತ್ತಿದ್ದರೆ ಆಗ ಅದು ಗಟ್ಟಿ ಸಾಕ್ಷಿ.

ಹಾಟ್‌ಸ್ಪಾಟ್‌ನಿಂದ ಲ್ಯಾಪ್‌ಟಾಪ್ ಜೋಡಿಸಿ ಪರೀಕ್ಷಿಸುವವರು ಇದೊಂದನ್ನು ನೆನಪಿಡಿ. ಹಾಟ್‌ಸ್ಪಾಟ್ ದಟ್ಟಣೆಯನ್ನು ಬೇರೆ ಎಪಿಎನ್‌ನಲ್ಲಿ ಕಳಿಸುವ ಕಂಪನಿಗಳಿವೆ. ಲ್ಯಾಪ್‌ಟಾಪ್‌ನಲ್ಲಿ ಕಂಡದ್ದು ಫೋನಿಗೆ ಅನ್ವಯಿಸದೇ ಇರಬಹುದು.

ರೋಮಿಂಗ್‌ನಲ್ಲಿ ಲೆಕ್ಕ ತಲೆಕೆಳಗು. ಸಾಮಾನ್ಯವಾಗಿ ರೋಮಿಂಗ್ ಡೇಟಾ ಇಂಟರ್ನೆಟ್‌ಗೆ ಇಳಿಯುವುದು ಸಿಮ್ ಕೊಟ್ಟ ಮೂಲ ಕಂಪನಿಯ ಗೇಟ್‌ವೇಯಲ್ಲಿ. ಹಾಗಾಗಿ ಕರೆ ತಡೆ ಇರುವ ದೇಶಕ್ಕೆ ಹೋದವರ ಪರದೇಶದ ಸಿಮ್‌ನಲ್ಲಿ ಕರೆ ಹೋಗಬಹುದು, ಪಕ್ಕದಲ್ಲಿ ಕೂತವರ ಸ್ಥಳೀಯ ಸಿಮ್‌ನಲ್ಲಿ ಹೋಗದಿರಬಹುದು. ಟವರ್ ಒಂದೇ, ದಾರಿ ಬೇರೆ.

ನಿಯಮ ಏನು ಹೇಳುತ್ತದೆ ಎಂದು ಗೊತ್ತಿರಲಿ

ದೂರು ಕೊಡುವ ಮುಂಚೆ ನೀವಿರುವ ದೇಶದಲ್ಲಿ ಇದು ಕಂಪನಿಯ ತೀರ್ಮಾನವೋ ಸರ್ಕಾರದ್ದೋ ತಿಳಿದುಕೊಳ್ಳಿ. ಯುಎಇಯಲ್ಲಿ ಪರವಾನಗಿ ಇರುವ ಸೇವೆಗಳಿಂದ ಮಾತ್ರ ಇಂಟರ್ನೆಟ್ ಕರೆ ಮಾಡಬಹುದು. ಅಲ್ಲಿ ಗ್ರಾಹಕ ಸೇವೆಯ ಜೊತೆ ಜಗಳವಾಡಿ ಫಲವಿಲ್ಲ. ಸೌದಿ ಅರೇಬಿಯಾ 2017ರ ಸೆಪ್ಟೆಂಬರ್‌ನಲ್ಲಿ ತನ್ನ ತಡೆಯನ್ನು ತೆಗೆಯಿತು. ಮೊರಾಕೊದಲ್ಲಿ 2016ರ ಜನವರಿಯಲ್ಲಿ ಮೂರೂ ಕಂಪನಿಗಳು ಇಂಟರ್ನೆಟ್ ಕರೆಗಳನ್ನು ನಿಲ್ಲಿಸಿದವು, ಅದೇ ವರ್ಷದ ಕೊನೆಯ ಹೊತ್ತಿಗೆ ಬಿಟ್ಟವು.

ಇನ್ನೊಂದು ಕಡೆ, ಕಂಪನಿ ಹೀಗೆ ಮಾಡುವಂತಿಲ್ಲ ಎಂದು ಬರೆದಿಟ್ಟ ದೇಶಗಳೂ ಇವೆ. ನೆದರ್ಲೆಂಡ್ಸ್‌ನ ಕೆಪಿಎನ್ ಕಂಪನಿ 2011ರಲ್ಲಿ ಇಂಥ ಆ್ಯಪ್‌ಗಳಿಗೆ ಬೇರೆ ದರ ಹಾಕಲು ಹೊರಟಾಗ ಸಂಸತ್ತು ಕಾನೂನು ಮಾಡಿತು, 2013ರ ಜನವರಿಯಿಂದ ಜಾರಿಗೂ ಬಂತು. ಐರೋಪ್ಯ ಒಕ್ಕೂಟದ ನಿಯಮ 2016ರ ಏಪ್ರಿಲ್ 30ರಿಂದ ಇದೆ. ಭಾರತದಲ್ಲಿ 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಇಂಟರ್ನೆಟ್ ಕರೆಗೆ ಪ್ರತ್ಯೇಕ ದರ ಘೋಷಿಸಿ, ವಿರೋಧ ಬಂದ ಮೇಲೆ ಹಿಂತೆಗೆದುಕೊಂಡಿತು. 2016ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ಡೇಟಾ ದರದಲ್ಲಿ ಭೇದ ಮಾಡುವುದನ್ನು ನಿಲ್ಲಿಸಿತು. 2018ರಲ್ಲಿ ಭೇದ ಮಾಡಬಾರದೆಂಬ ಮಾತು ಕಂಪನಿಗಳ ಪರವಾನಗಿಯಲ್ಲೇ ಸೇರಿತು.

ಅಮೆರಿಕದ ಮ್ಯಾಡಿಸನ್ ರಿವರ್ ಪ್ರಕರಣ ನನಗೆ ಬಹಳ ಹತ್ತಿರದ್ದು. ಅದು ಮೊಬೈಲ್ ಅಲ್ಲ, ಲೈನ್ ಫೋನ್ ಕಂಪನಿ. ತನ್ನ ಇಂಟರ್ನೆಟ್ ಗ್ರಾಹಕರು ವೋನೇಜ್ ಎಂಬ ಇಂಟರ್ನೆಟ್ ಕರೆ ಸೇವೆ ಬಳಸದಂತೆ ಪೋರ್ಟ್ ಮುಚ್ಚಿತ್ತು. ಕರೆ ಹೋಗುತ್ತಿಲ್ಲ ಎಂಬ ದೂರುಗಳು ಅಲ್ಲಿನ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿಯನ್ನು ಮುಟ್ಟಿದವು. 2005ರ ಮಾರ್ಚ್‌ನಲ್ಲಿ ಕಂಪನಿ 15,000 ಡಾಲರ್ ಕಟ್ಟಿ, ತಡೆ ತೆಗೆಯಲು ಒಪ್ಪಿತು. ನಾವು ಆ್ಯಪ್‌ನಲ್ಲಿ ನೋಡುವ ಅದೇ ಲಕ್ಷಣ, ಅದೇ ಥರದ ದೂರು.

ದೂರು ಬರೆಯುವಾಗ

‘ಕರೆ ಹೋಗ್ತಿಲ್ಲ’ ಎಂದು ಮಾತ್ರ ಬರೆದರೆ ‘ಫೋನ್ ರೀಸ್ಟಾರ್ಟ್ ಮಾಡಿ’ ಎಂಬ ಉತ್ತರ ಬರುತ್ತದೆ. ಮೊದಲು ಮಾಡಿದ ಆ ಮೂರು ಕರೆಗಳ ಸಮಯವನ್ನು ಸೆಕೆಂಡ್ ಸಮೇತ ಕೊಡಿ. ಆ ಹೊತ್ತಿನ ನಿಮ್ಮ ಸಾರ್ವಜನಿಕ ಐಪಿ, ಸರ್ವರ್‌ನ ಐಪಿ, ಪೋರ್ಟ್, ಯುಡಿಪಿಯೋ ಟಿಸಿಪಿಯೋ, ಯಾವ ಎಪಿಎನ್, ಯಾವ ಪ್ಲಾನ್, ಇಷ್ಟನ್ನೂ ಬರೆಯಿರಿ. ‘5060ಕ್ಕೆ 11 ಕೋರಿಕೆ ಹೋದವು, ಸರ್ವರ್‌ಗೆ ಒಂದೂ ತಲುಪಲಿಲ್ಲ, ಅದೇ ನಿಮಿಷದಲ್ಲಿ 5080ಕ್ಕೆ ಮೊದಲನೆಯದೇ ತಲುಪಿತು’ ಎಂಬ ಎರಡು ಸಾಲು ನೆಟ್‌ವರ್ಕ್ ತಂಡದವರ ಕೈಗೆ ಸಿಕ್ಕರೆ ಅವರಿಗೆ ಬೇರೆ ವಿವರಣೆ ಬೇಕಿಲ್ಲ. ಪ್ಯಾಕೆಟ್ ಫೈಲ್ ಲಗತ್ತಿಸುವ ಮುಂಚೆ ಒಂದು ಸಲ ತೆರೆದು ನೋಡಿ; ಬಿಚ್ಚು ಸಿಪ್‌ನಲ್ಲಿ ನೀವು ಕರೆ ಮಾಡಿದ ನಂಬರ್‌ಗಳು ಹಾಗೇ ಕಾಣುತ್ತವೆ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ನಿಯಂತ್ರಕರ ಹತ್ತಿರ ಹೋಗಬೇಕಾದರೆ ಮೊದಲು ಕೇಳುವುದು ಅದನ್ನೇ.

ಅಲ್ಲಿಯವರೆಗೆ ಕೆಲಸ ನಡೆಯಬೇಕಲ್ವಾ? ಸೇವೆಯವರು ಕೊಟ್ಟರೆ ಸಿಪ್ ಅನ್ನು ಟಿಎಲ್‌ಎಸ್‌ಗೆ, ದನಿಯನ್ನು ಆರ್‌ಟಿಪಿಯ ಗೂಢಲಿಪಿ ರೂಪವಾದ ಎಸ್‌ಆರ್‌ಟಿಪಿಗೆ ಬದಲಿಸಿ. ತಡೆ ಇರಲಿ ಬಿಡಲಿ, ಇದು ಹೇಗೂ ಒಳ್ಳೆಯದು. ಯುಡಿಪಿ ಪೂರ್ತಿ ಮುಚ್ಚಿದ್ದರೆ ದನಿಯನ್ನು 443ರಲ್ಲಿ ಟಿಎಲ್‌ಎಸ್ ಮೇಲೆ ಸಾಗಿಸುವ ಟರ್ನ್ ಸರ್ವರ್ ಬೇಕು. ವಿಳಂಬ ಸ್ವಲ್ಪ ಜಾಸ್ತಿ ಆಗುತ್ತದೆ, ಆದರೆ ಮಾತಾಡಬಹುದು. ಕೋಡೆಕ್ ಆಯ್ಕೆ ಇದ್ದರೆ ಓಪಸ್ ಹಾಕಿ, ಕಡಿಮೆ ಡೇಟಾದಲ್ಲೂ ದನಿ ಚೆನ್ನಾಗಿರುತ್ತದೆ. ವಿಪಿಎನ್ ಕೊನೆಯ ದಾರಿ. ಅದನ್ನು ಬಳಸುವುದು ನೀವಿರುವ ಕಡೆ ಕಾನೂನಿಗೆ ವಿರುದ್ಧವಲ್ಲ ಎಂದು ಖಚಿತ ಮಾಡಿಕೊಳ್ಳಿ. ಯುಎಇಯಲ್ಲಿ ಅಪರಾಧ ಎನಿಸುವ ಕೆಲಸಕ್ಕೆ ವಿಪಿಎನ್ ಬಳಸಿದರೆ ದಂಡ 5 ಲಕ್ಷ ದಿರ್ಹಮ್‌ನಿಂದ ಶುರುವಾಗುತ್ತದೆ.

ಏನನ್ನು ಬದಲಿಸಿದರೂ ಸರಿಹೋಯಿತು ಎನ್ನುವ ಮುಂಚೆ ಇದನ್ನು ಮಾಡಿ: ಪರದೆ ಆರಿಸಿ ಫೋನನ್ನು ಮೇಜಿನ ಮೇಲೆ ಹತ್ತು ನಿಮಿಷ ಬಿಡಿ. ಆಮೇಲೆ ಬೇರೆಯವರಿಂದ ಅದಕ್ಕೆ ಕರೆ ಮಾಡಿಸಿ. ನ್ಯಾಟ್‌ನಲ್ಲಿ ಯುಡಿಪಿ ಕಿಂಡಿ ಕನಿಷ್ಠ 2 ನಿಮಿಷ ತೆರೆದಿರಬೇಕು ಎಂದು 2007ರ ಮಾನದಂಡ ಹೇಳುತ್ತದೆ. ಅದಕ್ಕಿಂತ ಬೇಗ ಮುಚ್ಚುವ ನೆಟ್‌ವರ್ಕ್‌ಗಳಿವೆ. ರಿಂಗ್ ಆಗದಿದ್ದರೆ ಆ್ಯಪ್‌ನ ಕೀಪ್‌ಅಲೈವ್ (ಕಿಂಡಿ ಮುಚ್ಚದಂತೆ ಆಗಾಗ ಕಳಿಸುವ ಸಣ್ಣ ಸಂದೇಶ) ಅಂತರವನ್ನು 20 ಸೆಕೆಂಡಿಗೆ ಇಳಿಸಿ ಮತ್ತೆ ಹತ್ತು ನಿಮಿಷ ಕಾಯಿರಿ. ಈ ಸಲ ರಿಂಗ್ ಆದರೆ ಎತ್ತಿ, ಎರಡೂ ಕಡೆ ದನಿ ಕೇಳಿಸುತ್ತದಾ ನೋಡಿ, 20 ನಿಮಿಷ ಮಾತಾಡಿ. 15ನೇ ನಿಮಿಷವನ್ನೂ ದಾಟಿದ ಮೇಲೆ ದೂರನ್ನು ಮುಚ್ಚಬಹುದು.